ಎಎಫ್‌ಗೆ ಶಸ್ತ್ರಚಿಕಿತ್ಸೆ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಹೃದಯದ ಮೇಲಿನ ಎರಡು ಕೋಣೆಗಳು ಲಯಬದ್ಧವಾಗಿ ಕುಗ್ಗುವುದನ್ನು ಬಿಟ್ಟು ನಿಮಿಷಕ್ಕೆ 350ರಿಂದ 600 ಸಲ ಅದುರತೊಡಗುವುದೇ ಏಟ್ರಿಯಲ್ ಫಿಬ್ರಿಲೇಷನ್. ವೈದ್ಯರ ಚೀಟಿಯಲ್ಲಿ ಎಎಫ್ ಎಂದಿರುತ್ತದೆ. ಇದರಿಂದ ಆಗುವ ಕೇಡು ಎರಡು ಬಗೆಯದು. ಒಂದು, ನಾಡಿ ತಾಳ ತಪ್ಪಿ ಓಡುವುದರಿಂದ ಬರುವ ಎದೆಬಡಿತ, ದಮ್ಮು, ಸುಸ್ತು. ಬಹಳ ದಿನ ಹೀಗೇ ಓಡಿದರೆ ಹೃದಯದ ಸ್ನಾಯುವೇ ಸೋಲುತ್ತದೆ. ಇನ್ನೊಂದು, ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಲಕ್ವ ಹೊಡೆಯುವುದು. ಎಎಫ್ ಇದ್ದವರಿಗೆ ಲಕ್ವದ ಅಪಾಯ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು.

ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಮಾತ್ರ ಆಪರೇಷನ್ನಿನ ಲಾಭ-ಅಪಾಯ ಸರಿಯಾಗಿ ಕಾಣುತ್ತದೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು: "ಒಮ್ಮೆ ಆಪರೇಷನ್ ಆಗಿಬಿಟ್ರ ರಕ್ತ ತೆಳು ಮಾಡೋ ಗುಳಿಗಿ ಬಿಡಬಹುದಲ್ರೀ?" ಬಹಳ ಮಂದಿಗೆ ಬಿಡಲಿಕ್ಕೆ ಬರುವುದಿಲ್ಲ. ಆಪರೇಷನ್ ಇರುವುದು ಮುಖ್ಯವಾಗಿ ಮೊದಲ ಕೇಡಿಗೆ. ಗುಳಿಗೆ ಎರಡನೆಯದಕ್ಕೆ. ಗುಳಿಗೆ ತಪ್ಪಿಸಿಕೊಳ್ಳಲೆಂದೇ ಹೃದಯಕ್ಕೆ ಕೈ ಹಾಕಿಸಿಕೊಳ್ಳುವುದು ಸರಿಯಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಹೆಜ್ಜೆ 1: ಕಾಗದಪತ್ರ ಕೂಡಿಸಿ

ಒಂದು ಫೈಲಿನಲ್ಲಿ ಇಷ್ಟು ಇರಲಿ: ಎಎಫ್ ಹಿಡಿದ ಇಸಿಜಿ ಪಟ್ಟಿ, ಇತ್ತೀಚಿನ ಎಕೋ ವರದಿ, ಟಿಎಸ್‌ಎಚ್ (ಥೈರಾಯ್ಡ್), ಕ್ರಿಯಾಟಿನಿನ್ (ಕಿಡ್ನಿ), ಹಿಮೋಗ್ಲೋಬಿನ್, ಶುಗರ್ ವರದಿಗಳು, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಗುಳಿಗೆ, ನಾಟಿ ಔಷಧಿಯನ್ನೂ ಬರೆಯಿರಿ.

ಎಕೋ ವರದಿಯಲ್ಲಿ ಮೂರು ಸಾಲು ಹುಡುಕಿ. ಎಡ ಮೇಲ್ಕೋಣೆಯ ಅಳತೆ ಸಾಮಾನ್ಯವಾಗಿ 40 ಮಿ.ಮೀ. ಒಳಗಿರುತ್ತದೆ, 50–55 ಮಿ.ಮೀ. ದಾಟಿದ್ದರೆ ಯಾವ ಆಪರೇಷನ್ ಮಾಡಿದರೂ ಲಯ ಮರಳಿ ನಿಲ್ಲುವ ಸಾಧ್ಯತೆ ಇಳಿಯುತ್ತದೆ. ಇಎಫ್ ಎಂಬುದು ಹೃದಯ ಪಂಪ್ ಮಾಡುವ ಬಲ. 55ರಿಂದ 70 ಇದ್ದರೆ ಚಿಂತೆಯಿಲ್ಲ, 40ಕ್ಕಿಂತ ಕೆಳಗಿದ್ದರೆ ತೀರ್ಮಾನದ ದಾರಿಯೇ ಬೇರೆ. ಮೂರನೆಯದು ಮೈಟ್ರಲ್ ಕವಾಟ, ಅಂದರೆ ಎಡ ಮೇಲ್ಕೋಣೆಗೂ ಕೆಳಕೋಣೆಗೂ ನಡುವಿನ ಬಾಗಿಲು. ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಕೀಲುಬಾವು ಬಂದು ಹೋದವರಲ್ಲಿ ಆ ರುಮ್ಯಾಟಿಕ್ ಜ್ವರ ಎಷ್ಟೋ ವರ್ಷಗಳ ಮೇಲೆ ಈ ಕವಾಟವನ್ನು ಕಿರಿದಾಗಿಸಿರುತ್ತದೆ. ಪಾಶ್ಚಾತ್ಯ ದೇಶಗಳ ಎಎಫ್ ಪುಸ್ತಿಕೆಗಳಲ್ಲಿ ಇದರ ಸುದ್ದಿ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಇದು ಇನ್ನೂ ದೊಡ್ಡ ಕಾರಣ.

ಎಎಫ್ ಎಷ್ಟು ದಿನದ್ದು ಎಂಬುದೂ ಬೇಕು. ಏಳು ದಿನದೊಳಗೆ ತಾನೇ ನಿಲ್ಲುವುದು ಬಂದುಹೋಗುವ ಎಎಫ್. ಏಳು ದಿನ ದಾಟಿದರೆ ನೆಲೆನಿಂತದ್ದು. ವರ್ಷ ದಾಟಿದರೆ ದೀರ್ಘಕಾಲದ್ದು. ಹಳೆಯದಾದಷ್ಟೂ ತಿದ್ದುವುದು ಕಷ್ಟ.

ಹೆಜ್ಜೆ 2: ಲಕ್ವದ ಲೆಕ್ಕ ಮೊದಲು ಮುಗಿಸಿ

ಆಪರೇಷನ್ ಮಾತು ಬರುವ ಮೊದಲೇ ಈ ಅಂಕ ಹಾಕಿ. ಹೃದಯ ಸೋಲಿದ್ದರೆ 1, ಬಿಪಿಗೆ 1, ಶುಗರಿಗೆ 1, ಹೃದಯಾಘಾತ ಅಥವಾ ಕಾಲಿನ ರಕ್ತನಾಳದ ಕಾಯಿಲೆಗೆ 1, ವಯಸ್ಸು 65ರಿಂದ 74 ಇದ್ದರೆ 1, 75 ದಾಟಿದ್ದರೆ 2, ಹಿಂದೆ ಲಕ್ವ ಹೊಡೆದಿದ್ದರೆ 2. ಹಳೆಯ ಪಟ್ಟಿಯಲ್ಲಿ ಹೆಂಗಸರಿಗೆ ಒಂದು ಅಂಕ ಹೆಚ್ಚು ಕೊಡುತ್ತಿದ್ದರು. 2024ರ ಯುರೋಪಿನ ಮಾರ್ಗಸೂಚಿ ಅದನ್ನು ಬಿಟ್ಟಿದೆ. ಒಟ್ಟು 2 ಅಥವಾ ಹೆಚ್ಚಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಬೇಕು. 1 ಬಂದರೆ ವೈದ್ಯರ ಜೊತೆ ಕೂತು ಯೋಚಿಸಬೇಕು. ಸೊನ್ನೆಯಾದರೆ ಸಾಮಾನ್ಯವಾಗಿ ಬೇಡ. ಆಸ್ಪಿರಿನ್ ಇದಕ್ಕೆ ಬದಲಿ ಅಲ್ಲ. ಎಎಫ್‌ನ ಹೆಪ್ಪನ್ನು ಅದು ಸರಿಯಾಗಿ ತಡೆಯುವುದಿಲ್ಲ, ರಕ್ತಸ್ರಾವದ ಅಪಾಯ ಮಾತ್ರ ಇದ್ದೇ ಇರುತ್ತದೆ.

ಬಿಪಿ, ಶುಗರ್ ಎರಡೂ ಇರುವ 68 ವರ್ಷದ ಒಬ್ಬ ಹೆಣ್ಣುಮಗಳನ್ನು ಉದಾಹರಣೆಗೆ ಹಿಡಿಯೋಣ. ಅವರ ಅಂಕ 3. ಗುಳಿಗೆ ಇಲ್ಲದಿದ್ದರೆ ಇಂಥ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು ಮೂವರಿಗೆ ಲಕ್ವ. ಗುಳಿಗೆ ಆ ಅಪಾಯವನ್ನು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ತಗ್ಗಿಸುತ್ತದೆ, ಅಂದರೆ ನೂರಕ್ಕೆ ಒಬ್ಬರಿಗೆ ಇಳಿಯುತ್ತದೆ. ಕ್ಯಾಥೆಟರ್ ಅಬ್ಲೇಷನ್ (ರಕ್ತನಾಳದಿಂದ ತಂತಿ ಏರಿಸಿ ಎಎಫ್ ಹೊತ್ತಿಸುವ ಜಾಗದ ಸುತ್ತ ಸುಡುವ ಆಪರೇಷನ್) ಮಾಡಿಸಿ ಲಯ ಸರಿಹೋದ ಮೇಲೂ ಅವರ ಅಂಕ 3 ಆಗಿಯೇ ಉಳಿಯುತ್ತದೆ. ಅದಕ್ಕೇ ಗುಳಿಗೆ ಮುಂದುವರಿಯುತ್ತದೆ.

ಕವಾಟ ಮಧ್ಯಮ ಇಲ್ಲವೇ ತೀವ್ರವಾಗಿ ಕಿರಿದಾಗಿದ್ದರೆ ಅಥವಾ ಲೋಹದ ಕವಾಟ ಕೂಡಿಸಿದ್ದರೆ ಅಂಕದ ಮಾತೇ ಇಲ್ಲ. ಅಲ್ಲಿ ವಾರ್ಫರಿನ್ ಅಥವಾ ಅಸಿಟ್ರೋಮ್ ಬಗೆಯ ಹಳೆಯ ಗುಳಿಗೆಯೇ ಬೇಕು. ರುಮ್ಯಾಟಿಕ್ ಹೃದಯರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ ಹೊಸ ಗುಳಿಗೆ ರಿವರಾಕ್ಸಬಾನ್‌ಗಿಂತ ಹಳೆಯ ಗುಳಿಗೆ ತೆಗೆದುಕೊಂಡವರಲ್ಲೇ ಸಾವು ಕಡಿಮೆಯಿತ್ತು. ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಪ್ರತಿ ತಿಂಗಳ ಐಎನ್‌ಆರ್ ಪರೀಕ್ಷೆಗೆ ಬೇಸತ್ತು ಹೊಸ ಗುಳಿಗೆಗೆ ತಾವಾಗಿ ಬದಲಿಸಿಕೊಳ್ಳುವವರು ಇದನ್ನು ಮರೆಯಬಾರದು. ಹೆಚ್ಚಿನವರಿಗೆ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು. ಲೋಹದ ಮೈಟ್ರಲ್ ಕವಾಟಕ್ಕೆ ಇನ್ನೂ ಸ್ವಲ್ಪ ಮೇಲೆ.

ಹಳೆಯ ಗುಳಿಗೆಯವರು ಮೆಂತ್ಯ, ಹಕ್ಕರಕಿ, ಪಾಲಕ ಬಿಡಬೇಕಿಲ್ಲ. ವಾರದಿಂದ ವಾರಕ್ಕೆ ಅಷ್ಟಷ್ಟೇ ತಿನ್ನಿ. ರೊಟ್ಟಿ ಜೊತೆ ದಿನಾ ತಪ್ಪಲು ತಿನ್ನುವವರು ಒಮ್ಮೆಲೇ ಬಿಟ್ಟರೆ ಐಎನ್‌ಆರ್ ಏರುತ್ತದೆ, ಒಮ್ಮೆಲೇ ಶುರುಮಾಡಿದರೆ ಇಳಿಯುತ್ತದೆ. ರಿವರಾಕ್ಸಬಾನ್ 20 ಅಥವಾ 15 ಮಿ.ಗ್ರಾಂ. ನುಂಗುವವರು ಊಟದ ಜೊತೆಗೇ ನುಂಗಬೇಕು. ಶ್ರಾವಣದ ಉಪವಾಸದ ದಿನ ಬರೀ ಹೊಟ್ಟೆಯಲ್ಲಿ ನುಂಗಿದರೆ ಅದು ಪೂರ್ತಿ ಮೈಗೆ ಹತ್ತುವುದಿಲ್ಲ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಇವುಗಳಲ್ಲಿ ಯಾವುದರ ಜೊತೆಗೂ ಬೇಡ, ಹೊಟ್ಟೆಯಲ್ಲಿ ರಕ್ತಸ್ರಾವವಾಗುತ್ತದೆ.

ಹೆಜ್ಜೆ 3: ತ್ರಾಸ ಎಷ್ಟಿದೆ, ಅದು ಎಎಫ್‌ನದೇ ಏನು?

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಬಡಿತ ಶುರುವಾಯಿತು, ಎಷ್ಟು ಹೊತ್ತು ಇತ್ತು, ಮೆಟ್ಟಿಲು ಹತ್ತುವಾಗ ದಮ್ಮು ಬಂತೇ, ಯಾವ ಕೆಲಸ ಬಿಡಬೇಕಾಯಿತು, ಬಿಪಿ ಯಂತ್ರ ತೋರಿಸಿದ ನಾಡಿ ಎಷ್ಟು. ಎಎಫ್ ಇದ್ದಾಗ ಯಂತ್ರದ ಅಂಕಿ ಹಾರುತ್ತಿರುತ್ತದೆ. ಎರಡು ಮೂರು ಸಲ ನೋಡಿ ಸರಾಸರಿ ಬರೆಯಿರಿ.

ನೆಲೆನಿಂತ ಎಎಫ್ ಇದ್ದು, ಸುಸ್ತು ಎಎಫ್‌ನದೋ ರಕ್ತಹೀನತೆಯದೋ ವಯಸ್ಸಿನದೋ ತಿಳಿಯದಿದ್ದರೆ ಕಾರ್ಡಿಯೋವರ್ಷನ್ ಎಂಬ ವಿದ್ಯುತ್ ಶಾಕ್ ಒಳ್ಳೆಯ ಪರೀಕ್ಷೆ. ಅದಕ್ಕೆ ಮೊದಲು ಕನಿಷ್ಠ ಮೂರು ವಾರ, ಆಮೇಲೆ ಕನಿಷ್ಠ ನಾಲ್ಕು ವಾರ ರಕ್ತ ತೆಳುಗೊಳಿಸುವ ಗುಳಿಗೆ ತಪ್ಪಕೂಡದು. ಲಯ ಮರಳಿದ ದಿನಗಳಲ್ಲಿ ಮೈ ಹಗುರಾಗಿ ಕೆಲಸಕ್ಕೆ ಬಲ ಬಂದರೆ ಆಪರೇಷನ್ನಿನಿಂದಲೂ ಅಷ್ಟು ಸಿಗಬಹುದು. ಏನೂ ವ್ಯತ್ಯಾಸ ಕಾಣದಿದ್ದರೆ ಅಬ್ಲೇಷನ್ನಿಗೆ ಲಕ್ಷಗಟ್ಟಲೆ ಸುರಿದರೂ ಆ ಸುಸ್ತು ಹೋಗುವುದಿಲ್ಲ. ಈ ಪರೀಕ್ಷೆ ಮಾಡದೇ ಮುಂದಿನ ಹೆಜ್ಜೆಗೆ ಹಾರುವುದನ್ನು ಕಂಡರೆ ನಮಗೆ ನಿಜಕ್ಕೂ ಸಂಕಟವಾಗುತ್ತದೆ.

ತ್ರಾಸವೇ ಇಲ್ಲದ, ವಯಸ್ಸಾದ, ನಾಡಿ ಸುಮ್ಮನೆ ಕೂತಾಗ 110ರ ಒಳಗಿರುವವರಿಗೆ ಗುಳಿಗೆಯಿಂದ ನಾಡಿಯ ವೇಗ ಹಿಡಿದಿಟ್ಟರೆ ಸಾಕಾಗುತ್ತದೆ. ಆದರೆ ಇಎಫ್ ಇಳಿದು ಹೃದಯ ಸೋತವರ ಮಾತು ಬೇರೆ. 2018ರ ಕ್ಯಾಸಲ್-ಎಎಫ್ ಅಧ್ಯಯನದಲ್ಲಿ ಇಂಥವರಿಗೆ ಅಬ್ಲೇಷನ್ ಮಾಡಿದಾಗ ಸಾವು ಮತ್ತು ಹೃದಯ ಸೋಲಿಗಾಗಿ ದವಾಖಾನೆ ಸೇರುವುದು ಎರಡೂ ಕಡಿಮೆಯಾದವು. ಎಲ್ಲ ಬಗೆಯ ಎಎಫ್ ರೋಗಿಗಳು ಸೇರಿದ್ದ 2019ರ ಕಬಾನಾ ಅಧ್ಯಯನದಲ್ಲಿ ಸಾವು-ಲಕ್ವದಂಥ ದೊಡ್ಡ ಕೇಡುಗಳು ಖಚಿತವಾಗಿ ಕಡಿಮೆಯಾಗಲಿಲ್ಲ. ದಿನನಿತ್ಯದ ಬದುಕು ಮಾತ್ರ ಸುಧಾರಿಸಿತು.

ಹೆಜ್ಜೆ 4: ತಿದ್ದಬಹುದಾದದ್ದನ್ನು ತಿದ್ದಿ

ಥೈರಾಯ್ಡ್ ಏರಿದ್ದರೆ ಮೊದಲು ಅದನ್ನು ಇಳಿಸಬೇಕು. ತೂಕ ಹೆಚ್ಚಿದ್ದವರು ನೂರಕ್ಕೆ ಹತ್ತರಷ್ಟು ಇಳಿಸಿದರೆ ಎಎಫ್ ಮರುಕಳಿಸುವುದು ಕಡಿಮೆಯಾಗುತ್ತದೆ. ಜೋರಾಗಿ ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ಕಟ್ಟುವವರು ನಿದ್ರಾ ಪರೀಕ್ಷೆ ಮಾಡಿಸಲಿ. ಕುಡಿತ ಬಿಡಬೇಕು. ಬಿಪಿ ಹಿಡಿತಕ್ಕೆ ಬರಬೇಕು. ಇವನ್ನು ಬಿಟ್ಟು ಅಬ್ಲೇಷನ್ ಮಾಡಿಸಿದವರಲ್ಲಿ ಎಎಫ್ ಬೇಗ ಮರಳುತ್ತದೆ.

ಹೆಜ್ಜೆ 5: ಯಾವ ಆಪರೇಷನ್ ಹೇಳಿದ್ದಾರೆ ಎಂದು ತಿಳಿದುಕೊಳ್ಳಿ

"ಎಎಫ್ ಆಪರೇಷನ್" ಎಂದು ಒಂದೇ ಮಾತಿನಲ್ಲಿ ಹೇಳುವುದರ ಹಿಂದೆ ತೀರಾ ಬೇರೆ ಬೇರೆ ಕೆಲಸಗಳಿವೆ.

ಕ್ಯಾಥೆಟರ್ ಅಬ್ಲೇಷನ್‌ನಲ್ಲಿ ಎದೆ ತೆರೆಯುವುದಿಲ್ಲ. ತೊಡೆಸಂದಿನ ರಕ್ತನಾಳದಿಂದ ತಂತಿ ಏರಿಸಿ, ಮೇಲಿನ ಕೋಣೆಗಳ ನಡುವಿನ ಗೋಡೆ ಚುಚ್ಚಿ ಎಡಕ್ಕೆ ದಾಟಿ, ಶ್ವಾಸಕೋಶದಿಂದ ಬರುವ ನಾಲ್ಕು ರಕ್ತನಾಳಗಳ ಬಾಯಿಯ ಸುತ್ತ ಶಾಖದಿಂದ ಸುಟ್ಟು ಅಥವಾ ಶೀತದಿಂದ ಮರಗಟ್ಟಿಸಿ ಗೆರೆ ಹಾಕುತ್ತಾರೆ. ಎಎಫ್ ಹೊತ್ತಿಸುವ ಕಿಡಿಗಳು ಬಹುಪಾಲು ಅಲ್ಲಿಂದಲೇ ಏಳುತ್ತವೆ ಎಂದು ಫ್ರಾನ್ಸಿನ ಬೋರ್ಡೋದ ಹೈಸಗೆರ್ ತಂಡ 1998ರಲ್ಲಿ ತೋರಿಸಿತ್ತು. ಬಂದುಹೋಗುವ ಎಎಫ್‌ನಲ್ಲಿ ಒಂದು ವರ್ಷದ ಹೊತ್ತಿಗೆ ನೂರಕ್ಕೆ 70–80 ಮಂದಿ, ನೆಲೆನಿಂತದ್ದರಲ್ಲಿ 50–60 ಮಂದಿ ಎಎಫ್ ಇಲ್ಲದೇ ಇರುತ್ತಾರೆ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತದೆ. ಅಪಾಯದ ಕಡೆ ನೋಡಿದರೆ, ಸಣ್ಣ-ದೊಡ್ಡ ತೊಂದರೆ ಎಲ್ಲ ಕೂಡಿಸಿ ನೂರಕ್ಕೆ 4ರ ಸುತ್ತಮುತ್ತ. ಹೆಚ್ಚಿನವು ತೊಡೆಸಂದಿನ ರಕ್ತಸ್ರಾವ ಮತ್ತು ಬಾವು. ಹೃದಯದ ಸುತ್ತ ರಕ್ತ ತುಂಬುವುದು ನೂರಕ್ಕೆ 1ರ ಆಸುಪಾಸು, ಲಕ್ವ ಅದಕ್ಕೂ ಕಡಿಮೆ, ಸಾವು ಸಾವಿರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ.

ಮೇಜ್ ಎಂಬುದು ನಿಜವಾದ ತೆರೆದ ಎದೆಯ ಶಸ್ತ್ರಚಿಕಿತ್ಸೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಕಾಕ್ಸ್ 1987ರಲ್ಲಿ ಇದನ್ನು ಮೊದಲು ಮಾಡಿದರು. ಹೊಲದಲ್ಲಿ ಬದು ಹಾಕಿ ನೀರು ಅಡ್ಡಾದಿಡ್ಡಿ ಹರಿಯದಂತೆ ತಡೆಯುವ ಹಾಗೆ, ಮೇಲ್ಕೋಣೆಗಳ ಗೋಡೆಯಲ್ಲಿ ಗಾಯದ ಗೆರೆಗಳನ್ನು ಹಾಕಿ ವಿದ್ಯುತ್ ಸಂಕೇತ ಒಂದೇ ದಾರಿಯಲ್ಲಿ ಸಾಗುವಂತೆ ಮಾಡುತ್ತಾರೆ. ಮೊದಲು ಕತ್ತರಿಸಿ ಹೊಲಿಯುತ್ತಿದ್ದರು. ಈಗ ಹೆಚ್ಚಾಗಿ ಶಾಖ ಅಥವಾ ಶೀತದ ಉಪಕರಣದಿಂದ ಗೆರೆ ಹಾಕುತ್ತಾರೆ. ಎಎಫ್ ಒಂದಕ್ಕೇ ಎದೆಗೂಡು ಸೀಳುವುದು ಅಪರೂಪ. ಕವಾಟಕ್ಕೋ ಬೈಪಾಸ್‌ಗೋ ಹೇಗೂ ಎದೆ ತೆರೆಯಬೇಕಾದಾಗ ಇದನ್ನೂ ಸೇರಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ, ಮತ್ತು ನಮ್ಮ ಕಡೆಯ ರುಮ್ಯಾಟಿಕ್ ರೋಗಿಗಳ ಮುಂದೆ ಬರುವುದು ಹೆಚ್ಚಾಗಿ ಇದೇ ಪ್ರಶ್ನೆ.

ಇಲ್ಲಿ ಅಂಕಿಗಳು ಸಹಾಯಕ್ಕೆ ಬರುತ್ತವೆ. ನೆಲೆನಿಂತ ಎಎಫ್ ಇದ್ದು ಮೈಟ್ರಲ್ ಕವಾಟದ ಆಪರೇಷನ್ ಆದ 260 ಮಂದಿಯ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರ ಜೊತೆಗೇ ಇಂಥ ಗೆರೆ ಹಾಕುವ ಅಬ್ಲೇಷನ್ ಸೇರಿಸಿದವರಲ್ಲಿ 6 ಮತ್ತು 12ನೇ ತಿಂಗಳಲ್ಲಿ ಎಎಫ್ ಇಲ್ಲದವರು ನೂರಕ್ಕೆ 63, ಸೇರಿಸದವರಲ್ಲಿ 29. ಒಂದು ವರ್ಷದ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಶಾಶ್ವತ ಪೇಸ್‌ಮೇಕರ್ ಬೇಕಾದವರು ಎರಡು ಪಟ್ಟಿಗೂ ಹೆಚ್ಚು. ಲಯ ಮರಳುವ ಆಸೆಗೆ ತೆರಬೇಕಾದ ಬೆಲೆ ಇದು. ಮೇಲ್ಕೋಣೆ 60 ಮಿ.ಮೀ. ದಾಟಿ ಉಬ್ಬಿ, ಎಎಫ್ ಹತ್ತಾರು ವರ್ಷ ಹಳೆಯದಾಗಿದ್ದು, ಲೋಹದ ಕವಾಟವನ್ನೇ ಕೂಡಿಸುವುದಿದ್ದರೆ ಹಳೆಯ ಗುಳಿಗೆ ಜೀವನಪರ್ಯಂತ ಬೇಕೇ ಬೇಕು, ಲಯ ನಿಲ್ಲುವ ಸಾಧ್ಯತೆಯೂ ಕಡಿಮೆ. ಅಂಥಲ್ಲಿ ಮೇಜ್ ಸೇರಿಸಿ ಆಪರೇಷನ್ನಿನ ಹೊತ್ತು ಬೆಳೆಸುವುದರಲ್ಲಿ ಲಾಭ ಕಡಿಮೆ ಎನ್ನಬೇಕು. 45–50 ವಯಸ್ಸಿನ, ಕವಾಟ ದುರಸ್ತಿಯಾಗಬಲ್ಲ, ಎಎಫ್ ಈಚಿನದಾದ ರೋಗಿಗೆ ಅದೇ ಮೇಜ್ ಸೇರಿಸಿ ಎಂದು ಗಟ್ಟಿಯಾಗಿ ಕೇಳಬಹುದು.

ಎಡ ಮೇಲ್ಕೋಣೆಗೆ ಅಂಟಿದ ಕಿವಿಯಂಥ ಸಣ್ಣ ಚೀಲವನ್ನು ಮುಚ್ಚುವುದು ಇನ್ನೊಂದು ಕೆಲಸ. ಕವಾಟದ ಕಾಯಿಲೆ ಇಲ್ಲದ ಎಎಫ್‌ನಲ್ಲಿ ಹೆಪ್ಪು ಹುಟ್ಟುವ ಮುಖ್ಯ ಜಾಗ ಅದೇ. ಬೇರೆ ಕಾರಣಕ್ಕೆ ಹೃದಯ ಶಸ್ತ್ರಚಿಕಿತ್ಸೆ ಆಗುತ್ತಿದ್ದ 4,700ಕ್ಕೂ ಹೆಚ್ಚು ಎಎಫ್ ರೋಗಿಗಳ ಲಾವೋಸ್-3 ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸರಾಸರಿ 3.8 ವರ್ಷದಲ್ಲಿ ಚೀಲ ಮುಚ್ಚಿದವರಲ್ಲಿ ನೂರಕ್ಕೆ 4.8 ಮಂದಿಗೆ, ಮುಚ್ಚದವರಲ್ಲಿ 7 ಮಂದಿಗೆ ಲಕ್ವ ಅಥವಾ ದೇಹದ ಬೇರೆಡೆ ಹೆಪ್ಪಿನ ತೊಂದರೆ ಆಯಿತು. ಸುಮಾರು 45 ಮಂದಿಗೆ ಮುಚ್ಚಿದರೆ ಒಬ್ಬರು ಈ ತೊಂದರೆಯಿಂದ ತಪ್ಪಿಸಿಕೊಳ್ಳುತ್ತಾರೆ. ಗಮನಿಸಿ, ಅವರಲ್ಲಿ ಬಹುಪಾಲು ಮಂದಿ ಗುಳಿಗೆಯನ್ನೂ ಮುಂದುವರಿಸಿದ್ದರು. ಈ ಲಾಭ ಗುಳಿಗೆಯ ಜೊತೆಗಿನದು, ಗುಳಿಗೆಯ ಬದಲಿಗಲ್ಲ. ಮುಚ್ಚುವ ರೀತಿಯೂ ಮುಖ್ಯ. ಒಳಗಿಂದ ಹಾಕಿದ ಹೊಲಿಗೆ ಬಿಟ್ಟುಕೊಂಡು ಸೋರಿದರೆ ಅಥವಾ ಒಂದು ಸೆಂ.ಮೀ.ಗಿಂತ ಉದ್ದದ ಮೋಟು ಉಳಿದರೆ ಅಲ್ಲೇ ಮತ್ತೆ ಹೆಪ್ಪುಗಟ್ಟಬಹುದು. ಅನ್ನನಾಳದೊಳಗಿನ ಎಕೋದಿಂದ ನೋಡಿ, ಚೀಲ ಪೂರ್ತಿ ಮುಚ್ಚಿದೆ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ರಕ್ತ ತೆಳುಗೊಳಿಸುವ ಗುಳಿಗೆ ಖಂಡಿತ ಆಗಿಬರದವರಿಗೆ ಕ್ಯಾಥೆಟರ್‌ನಿಂದ ಚೀಲ ಮುಚ್ಚುವ ಸಾಧನವೂ ಇದೆ.

ಪಕ್ಕೆಲುಬಿನ ನಡುವಿನ ಸಣ್ಣ ರಂಧ್ರಗಳಿಂದ ಮಾಡುವ ಥೊರಾಕೋಸ್ಕೋಪಿಕ್ ಅಬ್ಲೇಷನ್ ಕೆಲವು ಅಧ್ಯಯನಗಳಲ್ಲಿ ಕ್ಯಾಥೆಟರಿಗಿಂತ ಲಯವನ್ನು ಚೆನ್ನಾಗಿ ಹಿಡಿದಿಟ್ಟಿದೆ, ಎಲ್ಲದರಲ್ಲೂ ಅಲ್ಲ; ತೊಂದರೆಗಳು ಹೆಚ್ಚು.

ಹೆಜ್ಜೆ 6: ನಿಮ್ಮ ಅಂಕಿಯನ್ನೇ ಕೇಳಿ

ಮೇಲಿನವೆಲ್ಲ ಗುಂಪಿನ ಅಂಕಿಗಳು. ವೈದ್ಯರ ಮುಂದೆ ಕೂತಾಗ "ಅಪಾಯ ಕಡಿಮೆ ಇದೆ" ಎಂಬ ಉತ್ತರಕ್ಕೆ ತೃಪ್ತರಾಗದೆ, ನನ್ನಂಥ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಎಂದು ಕೇಳಿ. ತೆರೆದ ಎದೆಯ ಆಪರೇಷನ್ನಿಗೆ ಯುರೋಸ್ಕೋರ್-2 ಎಂಬ ಲೆಕ್ಕವಿದೆ. ವಯಸ್ಸು, ಕಿಡ್ನಿ, ಇಎಫ್, ಶ್ವಾಸಕೋಶ ನೋಡಿ ಸಾವಿನ ಅಪಾಯ ಹೇಳುತ್ತದೆ. ನಿಮ್ಮದು ಎಷ್ಟು ಬಂತು ಎಂದು ಬರೆಸಿಕೊಳ್ಳಿ. ಕಳೆದ ವರ್ಷ ಈ ಕೆಲಸ ಇಲ್ಲಿ ಎಷ್ಟಾಗಿದೆ, ಎಷ್ಟು ಮಂದಿಗೆ ಪೇಸ್‌ಮೇಕರ್ ಹಾಕಬೇಕಾಯಿತು, ಎರಡನೇ ಸಲ ಮಾಡಬೇಕಾದರೆ ಖರ್ಚು ಯಾರದು, ಆಪರೇಷನ್ ಬೇಡವೆಂದರೆ ಐದು ವರ್ಷದಲ್ಲಿ ಏನಾಗಬಹುದು. ಈ ಪ್ರಶ್ನೆಗಳಿಗೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ ಉತ್ತರ ಬರೆಸಿ. ಗಾಬರಿಯಲ್ಲಿ ಕೇಳಿದ್ದು ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಕವಾಟ ತೀರಾ ಹದಗೆಟ್ಟಿರುವುದನ್ನು ಬಿಟ್ಟರೆ ಎಎಫ್ ಆಪರೇಷನ್ ಇವತ್ತೇ ಆಗಬೇಕಾದದ್ದಲ್ಲ. ಇನ್ನೊಬ್ಬ ವೈದ್ಯರ ಅಭಿಪ್ರಾಯಕ್ಕೆ ಸಮಯ ಇದೆ.

ಹೆಜ್ಜೆ 7: ಎಲ್ಲಿ, ಹಣ ಎಲ್ಲಿಂದ

ಆಂಜಿಯೋಗ್ರಾಂ, ಸ್ಟೆಂಟ್ ಮಾಡುವ ಎಲ್ಲ ಕಡೆ ಎಎಫ್ ಅಬ್ಲೇಷನ್ ಆಗುವುದಿಲ್ಲ. ಅದಕ್ಕೆ ಹೃದಯದ ಲಯಕ್ಕೆಂದೇ ತರಬೇತಾದ ಎಲೆಕ್ಟ್ರೋಫಿಸಿಯಾಲಜಿ ತಜ್ಞರು, ಹೃದಯದ ವಿದ್ಯುತ್ ಹರಿವಿನ ನಕ್ಷೆ ತೆಗೆಯುವ ಮ್ಯಾಪಿಂಗ್ ಯಂತ್ರ, ರಕ್ತ ತುಂಬಿದರೆ ಕೂಡಲೇ ಎದೆ ತೆರೆಯಬಲ್ಲ ಶಸ್ತ್ರವೈದ್ಯರು ಬೇಕು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಬೆಂಗಳೂರು, ಎಲ್ಲೇ ಆಗಲಿ, ಈ ಮೂರೂ ಇವೆಯೇ ಎಂದು ನೇರವಾಗಿ ಕೇಳಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ; ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ರೂ. ಮಿತಿಯೊಳಗೆ. ಖಾಸಗಿ ದವಾಖಾನೆಯಲ್ಲಿ ಇಂಥ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಗದಗಿನ ಜಿಮ್ಸ್, ಹಾವೇರಿಯ ಜಿಲ್ಲಾಸ್ಪತ್ರೆ ಅಥವಾ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಮೊದಲು ತೋರಿಸಿ ಅದನ್ನು ಪಡೆಯಿರಿ. ದಾಖಲಾದ ಮೇಲೆ ಓಡಾಡಿದರೆ ತಡವಾಗುತ್ತದೆ. ದವಾಖಾನೆಯ ಆರೋಗ್ಯಮಿತ್ರರ ಬಳಿ ಕೇಳಬೇಕಾದ್ದು: ನನಗೆ ಹೇಳಿದ ಈ ಕೆಲಸವೇ ಪ್ಯಾಕೇಜಿನಲ್ಲಿದೆಯೇ, ಕ್ಯಾಥೆಟರ್, ಚೀಲ ಮುಚ್ಚುವ ಕ್ಲಿಪ್, ಪೇಸ್‌ಮೇಕರ್ ಖರ್ಚು ಒಳಗೋ ಹೊರಗೋ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡನ್ನೂ ವಿಚಾರಿಸಲಿ.

ಮನೆಗೆ ಬಂದ ಮೇಲೆ

ಅಬ್ಲೇಷನ್ ಆದವರು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆ ಸೇರುತ್ತಾರೆ. ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60, ಹಾವೇರಿಗೆ ಸುಮಾರು 75 ಕಿ.ಮೀ.; ಬೈಕು ಬೇಡ, ಕಾರಿನಲ್ಲಿ ಹಿಂದಕ್ಕೊರಗಿ ಬನ್ನಿ. ಒಂದು ವಾರ ಕುಕ್ಕರುಗಾಲಲ್ಲಿ ಕೂಡುವುದು, 5 ಕೆ.ಜಿ.ಗಿಂತ ಭಾರ ಎತ್ತುವುದು ಬೇಡ. ತೊಡೆಸಂದಿನಲ್ಲಿ ರಕ್ತ ಬಂದರೆ ಮಲಗಿಸಿ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿಹಿಡಿಯಿರಿ. ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮೊದಲ ಎರಡು ಮೂರು ತಿಂಗಳು ಎಎಫ್ ಮತ್ತೆ ಕಾಣಿಸಿಕೊಳ್ಳಬಹುದು; ಗಾಯ ಮಾಯುವ ಹೊತ್ತಿನ ಆ ಬಡಿತವನ್ನು ಆಪರೇಷನ್ ಫೇಲಾಯಿತು ಎಂದು ಲೆಕ್ಕಿಸಬಾರದು. ಅಂಕ ಸೊನ್ನೆ ಇದ್ದವರೂ ಕನಿಷ್ಠ ಎರಡು ತಿಂಗಳು ರಕ್ತ ತೆಳುಗೊಳಿಸುವ ಗುಳಿಗೆ ನುಂಗಬೇಕು.

ಎಲ್ಲಕ್ಕಿಂತ ಕಾಳಜಿಯಿಂದ ಹೇಳಬೇಕಾದ ಒಂದು ಅಪರೂಪದ ಅಪಾಯವಿದೆ. ಎಡ ಮೇಲ್ಕೋಣೆಯ ಬೆನ್ನಿಗೇ ಅನ್ನನಾಳ ಇದೆ. ಸುಟ್ಟ ಶಾಖ ಅಲ್ಲಿಗೂ ತಗುಲಿ ಹುಣ್ಣಾಗಿ ಎರಡರ ನಡುವೆ ತೂತು ಬೀಳಬಹುದು. ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ, ಆದರೆ ತಡವಾಗಿ ಗೊತ್ತಾದರೆ ಉಳಿಯುವುದು ಕಷ್ಟ. ಇದು ಆಪರೇಷನ್ ಆದ ಒಂದು ವಾರದಿಂದ ಎರಡು ತಿಂಗಳೊಳಗೆ ಜ್ವರ, ನುಂಗುವಾಗ ನೋವು, ಎದೆನೋವು, ರಕ್ತವಾಂತಿ ಅಥವಾ ಲಕ್ವದ ರೂಪದಲ್ಲಿ ಕಾಣಿಸುತ್ತದೆ. ಊರಿನಲ್ಲಿ ಜ್ವರಕ್ಕೆ ಒಂದು ಸೂಜಿ ಚುಚ್ಚಿಸಿಕೊಂಡು ಎರಡು ದಿನ ಕಾಯುವುದು ರೂಢಿ. ಇಲ್ಲಿ ಆ ಎರಡು ದಿನವೇ ಪ್ರಾಣ ತೆಗೆಯಬಹುದು. ಕೂಡಲೇ ಅಬ್ಲೇಷನ್ ಮಾಡಿದ ತಂಡಕ್ಕೆ ಫೋನ್ ಮಾಡಿ. ಎದೆಯ ಸಿಟಿ ಸ್ಕ್ಯಾನ್ ಆಗಬೇಕು. ಎಂಡೋಸ್ಕೋಪಿ ಮಾಡಿದರೆ ಒಳಹೋಗುವ ಗಾಳಿ ತೂತಿನಿಂದ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ನೋಡುವ ವೈದ್ಯರು ಯಾರೇ ಆಗಿರಲಿ, ಇದನ್ನು ಅವರಿಗೆ ಹೇಳಿ.

ಎದೆ ತೆರೆದವರಿಗೆ ಎದೆಯ ಎಲುಬು ಕೂಡಿಕೊಳ್ಳಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಬೈಕು, ಕೊಡ ಹೊರುವುದು, ಕುಂಟೆ ಹಿಡಿಯುವುದು ಬೇಡ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರಂಥವರು ಮೂರು ತಿಂಗಳ ಗಳಿಕೆ ನಿಲ್ಲುವುದನ್ನೂ ಆಪರೇಷನ್ನಿನ ಖರ್ಚಿಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಶುಗರ್ ಇದ್ದವರಲ್ಲಿ ಗಾಯ ಕೀವಾಗುವುದು ಹೆಚ್ಚು; ಎಲುಬು ಕಟಕಟ ಅನ್ನುವುದು, ಗಾಯದಿಂದ ನೀರು ಸೋರುವುದು ಕಂಡರೆ ಮುಂದಿನ ತಪಾಸಣೆಗೆ ಕಾಯದೆ ಅಂದೇ ಹೋಗಿ.

ತಪಾಸಣೆಗೆ 3, 6, 12ನೇ ತಿಂಗಳಲ್ಲಿ ಇಸಿಜಿ, ಸಾಧ್ಯವಾದರೆ 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ) ಮಾಡಿಸಿ. ತ್ರಾಸ ಕೊಡದ ಎಎಫ್ ಒಳಗೊಳಗೇ ಮರಳಿರಬಹುದು. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕೂಡಲೇ ಸಿಟಿ ಸ್ಕ್ಯಾನ್ ಇರುವ ದವಾಖಾನೆ ಮುಟ್ಟಬೇಕು; ಹೆಪ್ಪು ಕರಗಿಸುವ ಔಷಧಿ ನಾಲ್ಕೂವರೆ ಗಂಟೆಯೊಳಗೆ ಮೈ ಸೇರಬೇಕು. ಅಲ್ಲಿ ಮೊದಲು ಹೇಳಬೇಕಾದದ್ದು ರಕ್ತ ತೆಳುಗೊಳಿಸುವ ಯಾವ ಗುಳಿಗೆ, ಕೊನೆಯದಾಗಿ ಎಷ್ಟು ಗಂಟೆಗೆ ನುಂಗಿದ್ದು ಎಂಬುದು. ಆ ಗುಳಿಗೆಯ ಹೆಸರು, ಪ್ರಮಾಣ, ಆಪರೇಷನ್ ಆದ ತಾರೀಖು, ಮಾಡಿದ ತಂಡದ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಜೇಬಿನಲ್ಲಿಡಿ, ಇನ್ನೊಂದು ಪ್ರತಿ ಮನೆಯವರ ಬಳಿ ಇರಲಿ.